ಎಂಟನೇ ನಂಬರಿನ ಅಕ್ಕನಿಗೊಂದು ಥ್ಯಾಂಕ್ಸ್

ನಿನ್ನೆ ಸಂಜೆ ಪಾರ್ಕಿನಲ್ಲಿ ಚೆಂಡು ಎಸೆದೆ. ಬಲಗೈಯಲ್ಲಿ, ತಲೆಯ ಮೇಲಿಂದ. ಜೋರಾಗೇನೂ ಹೋಗಲಿಲ್ಲ, ಎದುರಿಗಿದ್ದ ಚಿಕ್ಕ ಹುಡುಗ ಒಂದೇ ಕೈಯಲ್ಲಿ ಹಿಡಿದುಬಿಟ್ಟ. ಆದರೂ ಮನೆಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿ ಅತ್ತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್ ಕಳಿಸಿದರೆ ಯಾರನ್ನಾದರೂ ಮರೆತುಬಿಡುತ್ತೇನೆ, ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಕೆಲಸದ ಮೇಲೆ ರೊಮೇನಿಯಾದ ಬುಕಾರೆಸ್ಟ್‌ಗೆ ಬಂದ ಮೊದಲ ಚಳಿಗಾಲದಲ್ಲೇ ಹಿಮ ಗಟ್ಟಿಯಾಗಿದ್ದ ಫುಟ್‌ಪಾತ್ ಮೇಲೆ ಜಾರಿ ಬಿದ್ದೆ. ಭುಜ ಕಳಚಿತು. ಮೊದಲು ನೋಡಿದ ಡಾಕ್ಟರ್ ಅದನ್ನು ಕೂರಿಸಿ, ಬೆಲ್ಟ್ ಹಾಕಿ, ಮೂರು ವಾರದಲ್ಲಿ ಸರಿಹೋಗುತ್ತದೆ ಅಂದರು. ಹೋಗಲಿಲ್ಲ. ಇನ್ನೆರಡು ಸಲ ಕಳಚಿದ ಮೇಲೆ ಆಪರೇಷನ್ ಆಯಿತು. ಹಾಸನದಲ್ಲಿ ಕಾಲೇಜು ಟೀಮಿಗೆ ಹ್ಯಾಂಡ್‌ಬಾಲ್ ಆಡಿದವಳು ನಾನು, ಅದೂ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯಲ್ಲಿ ದೂರದಿಂದ ಗೋಲಿಗೆ ಎಸೆಯುವ ಜಾಗ. ಈಗ ತಲೆ ಬಾಚಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ.

ಬಾಚಿದ್ದು ಪಕ್ಕದ ಮನೆಯ ಅಜ್ಜಿ. ನಮ್ಮಲ್ಲಿ ಅಮ್ಮಾವ್ರೇ ಅನ್ನುವ ಹಾಗೆ ಅವರನ್ನು 'ದೊಆಮ್ನಾ' ಅಂತ ಕರೆಯುತ್ತೇನೆ. ರೊಮೇನಿಯಾ ಹೆಣ್ಣುಮಕ್ಕಳು 1962ರಲ್ಲಿ ಇದೇ ದೇಶದಲ್ಲಿ ಹ್ಯಾಂಡ್‌ಬಾಲ್ ವಿಶ್ವ ಚಾಂಪಿಯನ್ ಆದಾಗ ಅವರಿನ್ನೂ ಚಿಕ್ಕವರು. ನಾನು ಹ್ಯಾಂಡ್‌ಬಾಲ್ ಆಡಿದವಳು ಅಂತ ಗೊತ್ತಾಗಿದ್ದೇ ತಡ, ಆಮೇಲೆ ಬೇರೆ ಮಾತೇ ಇಲ್ಲ. ಬರೀ ಇಲ್ಲಿನ ಹ್ಯಾಂಡ್‌ಬಾಲ್ ತಾರೆ ಕ್ರಿಸ್ಟೀನಾ ನ್ಯಾಗು.

ನ್ಯಾಗು ಹೆಸರು ನನಗೆ ಗೊತ್ತಿತ್ತು. ನಾಲ್ಕು ಸಲ ವಿಶ್ವದ ವರ್ಷದ ಅತ್ಯುತ್ತಮ ಆಟಗಾರ್ತಿ, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಸಾವಿರಕ್ಕೂ ಜಾಸ್ತಿ ಗೋಲ್, ಇಷ್ಟು. ಅಜ್ಜಿ ಹೇಳಿದ್ದು ಬೇರೆಯೇ. ಪ್ರಶಸ್ತಿ ಬಂದ ವರ್ಷಗಳನ್ನು ಬೆರಳಲ್ಲಿ ಎಣಿಸಿದರು: 2010, 2015, 2016, 2018. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಏನಿದೆ ನೋಡು ಅಂದರು. 2010ರ ಯುರೋಪಿಯನ್ ಟೂರ್ನಿಯಲ್ಲಿ 53 ಗೋಲ್ ಹೊಡೆದು, ತಂಡಕ್ಕೆ ಕಂಚು ತಂದಾಗ ಅವರಿಗೆ 22 ವರ್ಷ. ಆಮೇಲೆ ಎಸೆಯುವ ಭುಜಕ್ಕೇ ಪೆಟ್ಟು, ಆಪರೇಷನ್, ತಿಂಗಳುಗಟ್ಟಲೆ ಆಟವೇ ಇಲ್ಲ. ಆಡುತ್ತಿದ್ದ ಓಲ್ಟ್‌ಕಿಮ್ ಕ್ಲಬ್ಬೂ 2013ರಲ್ಲಿ ದುಡ್ಡಿಲ್ಲದೆ ಕುಸಿಯಿತು. ಮಾಂಟೆನೆಗ್ರೋದ ಬುದುಚ್ನೊಸ್ಟ್‌ಗೆ ಹೋದರು. 2015ರಲ್ಲಿ ಆ ತಂಡದ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದರು. ಅದೇ ಡಿಸೆಂಬರ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಕ್ವಾರ್ಟರ್‌ಫೈನಲ್‌ನಲ್ಲಿ ರೊಮೇನಿಯಾ ಡೆನ್ಮಾರ್ಕ್ ತಂಡವನ್ನು ಅವರದೇ ನೆಲದಲ್ಲಿ, ಹೆಚ್ಚುವರಿ ಸಮಯದಲ್ಲಿ, ಒಂದೇ ಗೋಲ್‌ನಿಂದ ಸೋಲಿಸಿತು. ಟೂರ್ನಿಯಲ್ಲಿ ನ್ಯಾಗು ಒಟ್ಟು 63 ಗೋಲ್. ಮತ್ತೆ ಕಂಚು.

ಮಧ್ಯದಲ್ಲಿ ಕಳೆದ ಆ ಕಷ್ಟ ಆ ಪ್ರಶಸ್ತಿ ಪಟ್ಟಿಯಲ್ಲಿ ಕಾಣುವುದಿಲ್ಲ ಅಲ್ವಾ. ನನಗೆ ಬೇಕಾಗಿದ್ದದ್ದು ಅದೇ.

ಫಿಸಿಯೋ ನನಗೆ ಕೊಟ್ಟಿದ್ದು ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ. ಇರುವೆ ಹತ್ತಿದ ಹಾಗೆ, ನೋವು ಬರುವವರೆಗೆ. ಮುಟ್ಟಿದ ಜಾಗಕ್ಕೆ ಅಜ್ಜಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯುತ್ತಿದ್ದರು. ಒಂದು ವಾರ ಗೆರೆ ಕೆಳಗೇ ಇಳಿಯಿತು, ನಾನು ಇನ್ನು ಬೇಡ ಅಂದೆ. ಅವರು ಮಾತಾಡಲಿಲ್ಲ. ನನ್ನ ತಲೆಗಿಂತ ಒಂದು ಮೊಳ ಮೇಲೆ, ಕುರ್ಚಿ ಹತ್ತಿ, '8' ಅಂತ ಬರೆದು ಇಳಿದರು. ನ್ಯಾಗು ಅವರ ಜೆರ್ಸಿ ನಂಬರ್. ಎಪ್ಪತ್ತು ದಾಟಿದವರು ಕುರ್ಚಿ ಹತ್ತಿದ್ದು ನೋಡಿ ನನಗೆ ಭಯವಾಗಿ ಅಳು ನಿಂತುಹೋಯಿತು.

ಆ ವರ್ಷವೇ ಪೊಲಿವಲೆಂಟಾ ಹಾಲ್‌ಗೆ ಮ್ಯಾಚ್ ನೋಡಲು ಕರೆದುಕೊಂಡು ಹೋದರು. ನಾನು ಆಟ ನೋಡಲೇ ಇಲ್ಲ, ನ್ಯಾಗು ಅವರ ಆ ಭುಜ ನೋಡಿದೆ. ಗೋಲಿನಿಂದ ಒಂಬತ್ತು ಮೀಟರ್ ದೂರದ ಗೆರೆಯ ಹತ್ತಿರ ಎಗರಿ, ತಡೆಯಲು ಎದ್ದವರ ಕೈ ಇಳಿಯುವವರೆಗೂ ಗಾಳಿಯಲ್ಲೇ ಕಾದು, ಆಮೇಲೆ ತೋಳು ಹಿಂದೆ ಹೋಗುತ್ತದಲ್ಲ, ಆ ಕ್ಷಣ ನನ್ನ ಭುಜವೂ ಚುಳ್ ಅಂತು. 2018ರ ಡಿಸೆಂಬರ್‌ನಲ್ಲಿ ಹಂಗೇರಿ ವಿರುದ್ಧ ಆಡುವಾಗ ಮಂಡಿಯ ಲಿಗಮೆಂಟ್ ಹರಿದುಕೊಂಡು, ಅಲ್ಲಿಂದಲೂ ಎದ್ದು ಬಂದವರು ಇವರೇ ಅಂತ ನಂಬುವುದೇ ಕಷ್ಟ.

ಸಿಗದೇ ಹೋದದ್ದೂ ಇದೆ. ಒಲಿಂಪಿಕ್ ಪದಕ ಇಲ್ಲ. ಬುಕಾರೆಸ್ಟ್‌ನ ಸಿಎಸ್‌ಎಂ ಕ್ಲಬ್ ಚಾಂಪಿಯನ್ಸ್ ಲೀಗ್ ಗೆದ್ದದ್ದು 2016ರಲ್ಲಿ, ಇವರು ಅಲ್ಲಿಗೆ ಬಂದದ್ದು 2017ರಲ್ಲಿ. ಏಳು ವರ್ಷ ಆಡಿದರೂ ಆ ಕಪ್ ಮತ್ತೆ ಬರಲಿಲ್ಲ. 2024ರಲ್ಲಿ ಆಟ ನಿಲ್ಲಿಸಿದರು. ಅಜ್ಜಿಗೆ ಈಗಲೂ ಅದರ ಸಿಟ್ಟು, ಯಾರ ಮೇಲೆ ಅಂತ ಮಾತ್ರ ಹೇಳುವುದಿಲ್ಲ.

ಸರಿ, ಥ್ಯಾಂಕ್ಸ್. ಎಡಗೈಯಲ್ಲಿ ಟೈಪ್ ಮಾಡುವಾಗ ಸಹಿಸಿಕೊಂಡ ಆಫೀಸಿನವರಿಗೆ. ದಿನಾ ರಾತ್ರಿ ಫೋನ್ ಮಾಡಿ, ಬರುವವರ ಕೈಯಲ್ಲಿ ನೋವಿನೆಣ್ಣೆ ಕಳಿಸಿದ ಅಮ್ಮನಿಗೆ (ಇನ್ನೂ ಎರಡು ಬಾಟಲಿ ಇದೆ, ಸಾಕಮ್ಮಾ). ಚೆಂಡು ಹಿಡಿಯುವುದು ಕಲಿಸಿದ ಪಿಟಿ ಸರ್‌ಗೆ. ದೊಆಮ್ನಾಗೆ ಕನ್ನಡ ಓದಲು ಬರುವುದಿಲ್ಲ, ಇದನ್ನು ನಾನೇ ಹೇಳಿಕೊಂಡು ಬರುತ್ತೇನೆ. ಮತ್ತೆ ನ್ಯಾಗು ಅಕ್ಕನಿಗೆ, ಅವರ ಭಾಷೆಯಲ್ಲೇ ಥ್ಯಾಂಕ್ಸ್: ಮುಲ್ತ್ಸುಮೆಸ್ಕ್.

ಗೋಡೆಗೆ ಬಣ್ಣ ಹೊಡೆಸು ಅಂತ ಮನೆ ಓನರ್ ಹೇಳುತ್ತಿದ್ದಾರೆ. '8' ಮುಟ್ಟುವುದಕ್ಕೆ ಇನ್ನೂ ನಾಲ್ಕು ಬೆರಳು ಬಾಕಿ ಇದೆ, ಸ್ವಲ್ಪ ತಡೀರಿ ಅಂದಿದ್ದೇನೆ.