ಟಿವಿ ಬಿಟ್ಟು ಬಂದರಿಗೆ ಬಾ

ಡೊಂಬಿವಲಿ

ಚಿ. ಸುಮಾಳಿಗೆ ಕಾಕಾನ ಆಶೀರ್ವಾದಗಳು.

ಪುಣೆಯಲ್ಲಿ ಎಂ.ಎ.ಗೆ ಸೇರಿದ್ದೀಯ, ಏಷ್ಯಾದ ರಾಜಕೀಯವನ್ನೇ ಓದುತ್ತೀಯ ಅಂತ ಅಣ್ಣ ಫೋನ್ ಮಾಡಿ ಹೇಳಿದ. ಖುಷಿ ಆಯಿತು. ಆದರೆ ನೀನು ವಾಟ್ಸಾಪ್‌ನಲ್ಲಿ ಕಳಿಸುವ ವಿಡಿಯೋ ನೋಡಿ ಸ್ವಲ್ಪ ದಿಗಿಲೂ ಆಯಿತು. ಚೀನಾ ಹಾಗೆ, ಶ್ರೀಲಂಕಾ ಹೀಗೆ, ಎಲ್ಲಾ ಎರಡೇ ನಿಮಿಷದಲ್ಲಿ ತೀರ್ಮಾನ!

ಯಾವ ಪುಸ್ತಕದಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ಅದನ್ನು ನಿಮ್ಮ ಸರ್ ಹೇಳುತ್ತಾರೆ. ನಾನು ಓದಿದ್ದು ಬಿ.ಕಾಂ., ರಿಟೈರ್ ಆಗುವ ತನಕ ಮಾಡಿದ್ದು ಬಂದರಿನಲ್ಲಿ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಗುಮಾಸ್ತಿಕೆ. ಮಾಲು ಏನು, ಎಲ್ಲಿಂದ ಎಲ್ಲಿಗೆ, ದುಡ್ಡು ಯಾರದು, ಇಷ್ಟು ಗೊತ್ತಾಗದೆ ನಮ್ಮಲ್ಲಿ ಒಂದು ಪೆಟ್ಟಿಗೆಯೂ ಗೇಟು ದಾಟುತ್ತಿರಲಿಲ್ಲ. ಒಂದು ದೇಶದ ಬಗ್ಗೆ ಯಾರು ಎಷ್ಟೇ ಜೋರಾಗಿ ಮಾತಾಡಲಿ, ನೀನೂ ಮೊದಲು ಅದನ್ನೇ ಕೇಳು.

ಮುಂಬೈಗೆ ಒಮ್ಮೆ ಬಾ, ಫೋರ್ಟ್ ಕಡೆ ಓಡಾಡೋಣ. ಲಯನ್ ಗೇಟ್ ಹತ್ತಿರ ನೌಕಾಪಡೆಯ ಡಾಕ್‌ಯಾರ್ಡ್ ಇದೆ, ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಬೇಕು. ಅಲ್ಲಿ ವಾಡಿಯಾ ಮನೆತನದ ಪಾರ್ಸಿಗಳು ಬ್ರಿಟಿಷರಿಗೆ ತೇಗದ ಹಡಗು ಕಟ್ಟುತ್ತಿದ್ದರು. 1813ರಲ್ಲಿ ಕಟ್ಟಿದ್ದು ಕಾರ್ನ್‌ವಾಲಿಸ್ ಅಂತ ಒಂದು ಯುದ್ಧನೌಕೆ. ಬ್ರಿಟಿಷರ ಜೊತೆಗಿನ ಯುದ್ಧದಲ್ಲಿ ಚೀನಾ ಸೋತು, 1842ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗನ್ನು ಅವರಿಗೆ ಬರೆದುಕೊಟ್ಟ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದೇ ಹಡಗಿನ ಮೇಲೆ.

ಆ ಯುದ್ಧಕ್ಕೆ ಕಾರಣವಾದ ಮಾಲು ಯಾವುದು? ಅಫೀಮು. ಒಂದು ಪಾಲು ಬಂಗಾಳದ ಕಡೆಯದು, ಇನ್ನೊಂದು ಮಾಳವದಲ್ಲಿ ಬೆಳೆದು ನಮ್ಮ ಈ ಬಂದರಿನಿಂದ ಹೋದದ್ದು. 1839ರಲ್ಲಿ ಲಿನ್ ಝೆಷು ಅನ್ನುವ ಚೀನೀ ಅಧಿಕಾರಿ 20 ಸಾವಿರಕ್ಕೂ ಜಾಸ್ತಿ ಪೆಟ್ಟಿಗೆ ಅಫೀಮು ವಶಪಡಿಸಿಕೊಂಡು ನಾಶ ಮಾಡಿಸಿದ. ಅದರಲ್ಲಿ ಬಾಂಬೆ ವ್ಯಾಪಾರಿಗಳ ಮಾಲೂ ಇತ್ತು. ಜೆ.ಜೆ. ಆಸ್ಪತ್ರೆಯ ಜೆ.ಜೆ. ಯಾರು ಅಂತ ಗೊತ್ತಲ್ವಾ, ಜಮ್ಷೆಟ್‌ಜಿ ಜೀಜೀಭಾಯ್. ಬಡತನದಲ್ಲಿ ಬೆಳೆದು ಚೀನಾ ವ್ಯಾಪಾರದಲ್ಲಿ ಸಿರಿವಂತನಾದ ಮನುಷ್ಯ, ಹತ್ತಿಯೂ ಕಳಿಸಿದ, ಅಫೀಮೂ ಕಳಿಸಿದ. ಯುದ್ಧ ಮಾಡಿ ಅಂತ ಲಂಡನ್ನಿನಲ್ಲಿ ಮಂತ್ರಿಗಳ ಬೆನ್ನು ಬಿದ್ದಿದ್ದ ವಿಲಿಯಂ ಜಾರ್ಡಿನ್ ಅನ್ನುವ ಬ್ರಿಟಿಷ್ ಅಫೀಮು ವ್ಯಾಪಾರಿ ಇವನ ಹಳೆಯ ದೋಸ್ತ್. ಒಪ್ಪಂದ ಆದ 1842ರಲ್ಲೇ ಜೀಜೀಭಾಯ್‌ಗೆ ಸರ್ ಪದವಿ ಸಿಕ್ಕಿತು, ಭಾರತೀಯರಲ್ಲಿ ಮೊದಲು. ಇವನ ಹೆಂಡತಿಯ ದುಡ್ಡಿನಲ್ಲಿ ಮಾಹಿಮ್ ಕಾಸ್‌ವೇ ಆಯಿತು. ಆಮೇಲೆ ಬಾಗ್ದಾದಿನಿಂದ ಬಂದ ಯಹೂದಿ ಸಸೂನ್ ಮನೆತನವೂ ಇದೇ ವ್ಯಾಪಾರದಲ್ಲಿ ಬೆಳೆಯಿತು. ಮೀನಿಗೆ ಹೆಸರಾದ ಸಸೂನ್ ಡಾಕ್ ಅವರದೇ, 1875ರದು. ನಿಮ್ಮ ಪುಣೆಯ ಸಸೂನ್ ಆಸ್ಪತ್ರೆಗೂ ಆ ಮನೆತನದ ದುಡ್ಡು ಹೋಗಿದೆ.

ಇದನ್ನೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಚೀನಾದ ಮಕ್ಕಳಿಗೆ ಶಾಲೆಯಲ್ಲಿ ಆಧುನಿಕ ಇತಿಹಾಸದ ಪಾಠ ಶುರುವಾಗುವುದೇ ಈ ಅಫೀಮು ಯುದ್ಧದಿಂದ. ಅಲ್ಲಿಂದ ನೂರು ವರ್ಷ ನಮಗೆ ಅವಮಾನ ಆಯಿತು, ಇನ್ನು ಆಗಗೊಡುವುದಿಲ್ಲ ಅಂತ ಅಲ್ಲಿಯ ನಾಯಕರು ಇವತ್ತಿಗೂ ಭಾಷಣ ಮಾಡುತ್ತಾರೆ. ಹಾಂಗ್‌ಕಾಂಗ್, ತೈವಾನ್ ಹೆಸರೆತ್ತಿದರೆ ಬೀಜಿಂಗ್ ಯಾಕೆ ಹಾಗೆ ಸಿಡಿಯುತ್ತದೆ ಅಂತ ತಿಳಿಯಲು ಇದು ಬೇಕು. ಅವರು ಹೇಳಿದ್ದೆಲ್ಲ ಒಪ್ಪು ಅಂತಲ್ಲ. ಆ ನೋವನ್ನು ಅವರ ಸರ್ಕಾರ ತನಗೆ ಬೇಕಾದಂತೆ ಬಳಸಿಕೊಳ್ಳುತ್ತದೆ, ಅದನ್ನೂ ನೋಡು. ಆದರೆ ನಾವು ಬರೀ ಬ್ರಿಟಿಷರ ಕೈಯಲ್ಲಿ ನೊಂದವರು ಅಂದುಕೊಂಡು ಓದಲು ಕೂತರೆ ಅರ್ಧ ಕಥೆ ಕಾಣುವುದೇ ಇಲ್ಲ. ಹಡಗು ಇಲ್ಲಿಯದು, ಮಾಲು ಇಲ್ಲಿಯದು, ಯುದ್ಧಕ್ಕೆ ಹೋದ ಸಿಪಾಯಿಗಳಲ್ಲೂ ಬಹಳ ಮಂದಿ ಮದ್ರಾಸ್ ಕಡೆಯವರು.

ಈಗ ಹತ್ತಿ. ಇದು ನಮ್ಮ ಮನೆಯ ವಿಷಯ ನೋಡವಾ. ಧಾರವಾಡದ ಹತ್ತಿ ಬಾಂಬೆಗೆ ಬಂದು ಹಡಗು ಹತ್ತುತ್ತಿತ್ತು. 1893ರಲ್ಲಿ ಟಾಟಾ ಅವರೂ ಜಪಾನಿನ ನಿಪ್ಪಾನ್ ಯೂಸೆನ್ ಕಂಪನಿಯೂ ಕೂಡಿ ಬ್ರಿಟಿಷ್ ಕಂಪನಿಯ ದುಬಾರಿ ಬಾಡಿಗೆಗೆ ಸಡ್ಡು ಹೊಡೆದು ಬಾಂಬೆಯಿಂದ ಕೋಬೆಗೆ ಹಡಗು ಬಿಟ್ಟರು. ಏಷ್ಯಾದವರು ಒಂದಾದರು ಅಂತ ಚಪ್ಪಾಳೆ ಹೊಡೆಯಬಹುದು. ಆದರೆ ಮುಂದೆ ಜಪಾನಿನ ಅಗ್ಗದ ಬಟ್ಟೆಯೇ ಬಂದು ಇಲ್ಲಿಯ ಗಿರಣಿಗಳಿಗೆ ಪೆಟ್ಟು ಕೊಟ್ಟಿತು. 1933ರಲ್ಲಿ ಸರ್ಕಾರ ಬ್ರಿಟಿಷರದಲ್ಲದ ಹೊರಗಿನ ಹತ್ತಿ ಬಟ್ಟೆಗೆ ಶೇಕಡಾ 75 ಸುಂಕ ಹಾಕಿತು, ಸಿಟ್ಟಿಗೆದ್ದ ಜಪಾನಿನವರು ನಮ್ಮ ಹತ್ತಿ ಕೊಳ್ಳುವುದನ್ನೇ ನಿಲ್ಲಿಸಿದರು. ಸುಂಕದ ಜಗಳ ಏನು ಹೊಸದಲ್ಲ.

ನೀನು ಕಳಿಸಿದ, ಶ್ರೀಲಂಕಾದ ಹಂಬನ್‌ತೋಟ ಬಂದರಿನ ವಿಡಿಯೋಗೂ ಇದೇ ಪರೀಕ್ಷೆ. ಚೀನಾ ಸಾಲ ಕೊಟ್ಟು ಬಂದರು ನುಂಗಿತು ಅನ್ನುತ್ತಾನೆ ಅದರಲ್ಲಿ ಮಾತಾಡುವವ. 2017ರಲ್ಲಿ 99 ವರ್ಷದ ಗುತ್ತಿಗೆಗೆ ಕೊಟ್ಟದ್ದು ನಿಜ. ಆದರೆ ಆ ಬಂದರು ಬೇಕು ಅಂತ ಹಟ ಹಿಡಿದದ್ದು ಯಾರು? ಬಂದರು ಕಟ್ಟಿಸಿದಾಗ ಅಧ್ಯಕ್ಷರಾಗಿದ್ದ ಮಹಿಂದ ರಾಜಪಕ್ಸೆ, ಅದು ಅವರ ಸ್ವಂತ ಜಿಲ್ಲೆ. 2022ರಲ್ಲಿ ಲಂಕಾ ಸಾಲ ತೀರಿಸಲಾಗದೆ ಕೈಚೆಲ್ಲಿದಾಗ ಹೊರಗಿನ ಸಾಲದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಯಾರದು? ಬಾಂಡ್ ಕೊಂಡ ಹೂಡಿಕೆದಾರರದು. ಇನ್ನೂ ಒಂದು, ಕೊಲಂಬೋದಲ್ಲಿ ಹಡಗು ಬದಲಿಸುವ ಕಂಟೇನರುಗಳಲ್ಲಿ ಹೆಚ್ಚಿನವು ಭಾರತದ್ದೇ. ನಮ್ಮ ಆಫೀಸಿನ ಕಾಗದದಲ್ಲಿ ದಿನಾ ಕೊಲಂಬೋ ಅಂತ ಇರುತ್ತಿತ್ತು, ಟಿವಿಯಲ್ಲಿ ಮಾತ್ರ ಅದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಗಲ್ಫ್ ದೇಶಗಳ ಬಗ್ಗೆ ಬರೆಯುತ್ತಾ ಹೋದರೆ ಪತ್ರ ಮುಗಿಯುವುದಿಲ್ಲ. ದುಬೈ, ಕತಾರ್‌ನಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಚಿನ್ನದ ಕಳ್ಳಸಾಗಣೆ ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕು ಅವರಿಗೆಂದೇ ಬೇರೆ ನೋಟು ತಂದಿತು. 1966ರಲ್ಲಿ ನಮ್ಮ ರೂಪಾಯಿ ಬೆಲೆ ಇಳಿದಾಗ ಅವರು ಅದನ್ನೂ ಕೈಬಿಟ್ಟರು. ಪ್ರಾಜೆಕ್ಟಿಗೆ ವಿಷಯ ಬೇಕಾದರೆ ಇದನ್ನು ಹಿಡಿ.

ಲೆಕ್ಕಕ್ಕೆ ಸಿಗದ ಸಂಬಂಧಗಳೂ ಇವೆ, ಅವನ್ನು ಬಿಡಬೇಡ. ನಮ್ಮ ಅರ್ಧ ಬಳಗ ಇರುವ ಸೊಲ್ಲಾಪುರದ ಹುಡುಗ ಡಾ. ದ್ವಾರಕಾನಾಥ ಕೋಟ್ನಿಸ್. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಒಬ್ಬ. ಉಳಿದವರು ವಾಪಸ್ಸು ಬಂದರು, ಇವನು ಅಲ್ಲಿಯ ನರ್ಸ್ ಒಬ್ಬಳನ್ನು ಮದುವೆಯಾಗಿ ಅಲ್ಲೇ ಉಳಿದ, 1942ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡ. ಚೀನಾದಲ್ಲಿ ಇವತ್ತಿಗೂ ಅವನ ಸಮಾಧಿಗೆ ಹೂವು ಇಡುತ್ತಾರೆ. ಅದಾಗಿ ಇಪ್ಪತ್ತು ವರ್ಷಕ್ಕೆ, 1962ರಲ್ಲಿ, ನಮಗೂ ಚೀನಾಕ್ಕೂ ಯುದ್ಧ ಬಂತು. ಅಸ್ಸಾಂ, ಬಂಗಾಳದಲ್ಲಿ ತಲೆಮಾರುಗಳಿಂದ ಇದ್ದ ಚೀನೀ ಮೂಲದ ಸುಮಾರು 3 ಸಾವಿರ ಜನರನ್ನು ಹೆಂಗಸರು, ಮಕ್ಕಳು ಅನ್ನದೆ ನಮ್ಮ ಸರ್ಕಾರ ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಿತು, ಕೆಲವರನ್ನು ವರ್ಷಗಟ್ಟಲೆ ಇಟ್ಟಿತು. ಕೋಟ್ನಿಸ್ ಕಥೆ ಹೇಳಿ ಹೆಮ್ಮೆಪಡುವವರು ದೇವಳಿ ಅಂದರೆ ಸುಮ್ಮನಾಗುತ್ತಾರೆ. ನೀನು ಎರಡನ್ನೂ ಓದು. ಮಜಗಾಂವ್‌ನಲ್ಲಿ ಸಣ್ಣದೊಂದು ಚೀನೀ ದೇವಸ್ಥಾನ ಇದೆ, ಬಂದಾಗ ಹೋಗೋಣ.

ಭಾಷೆಯ ವಿಷಯ. ಪುಣೆಯಲ್ಲಿ ಎಲ್ಲರೂ ಜಪಾನಿ ಕ್ಲಾಸಿಗೆ ಹೋಗುತ್ತಾರೆ, ಕೆಲಸ ಸಿಗುತ್ತದೆ, ತಪ್ಪೇನಿಲ್ಲ. ಆದರೆ ನಿನಗೆ ರಾಜಕೀಯ ಬೇಕು ಅಂದರೆ ಚೀನೀ ಕಲಿ. ಇಷ್ಟು ದೊಡ್ಡ ನೆರೆಮನೆಯವರ ಮಾತನ್ನು ನಾವು ಇಂಗ್ಲಿಷಿನವರ ಬಾಯಿಂದ ಕೇಳುವುದು ಎಷ್ಟು ದಿನ? ಫೀ ಜಾಸ್ತಿ ಇದ್ದರೆ ನನಗೆ ಮೆಸೇಜ್ ಹಾಕು, ನಾನು ಕಟ್ಟುತ್ತೇನೆ. ಅಣ್ಣನಿಗೆ ಈಗಲೇ ಹೇಳಬೇಡ, ಅವನು ಬ್ಯಾಂಕ್ ಪರೀಕ್ಷೆ ಬರೆ ಅಂತ ಮತ್ತೆ ಶುರು ಮಾಡುತ್ತಾನೆ.

ನಿನ್ನ ಕಾಕಾ