ಆದೇಶ ಬಂದ ದಿನ ಖಾತೆಯಲ್ಲಿ ಉಳಿದಿದ್ದದ್ದು 1,143 ರೂಪಾಯಿ

ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನೊಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಈಗ ಮಾಡುತ್ತಿರುವ ಕೆಲಸವೆಂದರೆ, ಮುಳುಗಿದ ಕಂಪನಿಗಳಲ್ಲಿ ದುಡ್ಡಿಟ್ಟವರಿಗೆ ಕ್ಲೇಮ್ ಅರ್ಜಿ ತುಂಬಿಕೊಡುವುದು. ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ಇಲ್ಲಿಂದ ಬಂದ ಕಾಗದವನ್ನು ಓದಿ ಹೇಳುವವರು ನಿಮ್ಮ ಕಚೇರಿಯಲ್ಲಿ ಇದ್ದೇ ಇರುತ್ತಾರೆ.

ನಾನು ಕೆಲಸದಲ್ಲಿದ್ದಾಗ ನಮ್ಮ ಶಾಖೆಯಲ್ಲಿ ಒಂದು ಚಾಲ್ತಿ ಖಾತೆ ಇತ್ತು. ಕಂಪನಿಯ ಹೆಸರು ಬೇಡ. ಒಳಗೆ ಬರುವ ಹಣವೆಲ್ಲ ಚಿಲ್ಲರೆ: ಐದು ಸಾವಿರ, ಹತ್ತು ಸಾವಿರ, ಯಾರದೋ ಗ್ರಾಚ್ಯುಟಿ ಬಂದ ವಾರ ಒಂದೆರಡು ಲಕ್ಷ. ಹೊರಗೆ ಹೋಗುವುದು ಮಾತ್ರ ಇಡಿಗಂಟು, ಅದೇ ನಾಲ್ಕು ಖಾತೆಗಳಿಗೆ, ಆರ್‌ಟಿಜಿಎಸ್ ಮೂಲಕ. ಬಾಡಿಗೆ ಕಟ್ಟಿದ್ದಿಲ್ಲ, ಸಂಬಳ ಕೊಟ್ಟಿದ್ದಿಲ್ಲ, ಸರಕಿನವನಿಗೊಂದು ಚೆಕ್ ಇಲ್ಲ. ವ್ಯಾಪಾರ ಮಾಡುವವನ ಖಾತೆ ಹೀಗಿರುವುದಿಲ್ಲ ಎಂದು ಹೇಳಲು ಯಾವ ತನಿಖೆಯೂ ಬೇಕಿರಲಿಲ್ಲ, ಲೆಡ್ಜರ್ ಪುಟ ಸಾಕಿತ್ತು. ತಿಳಿಸಬೇಕಾದ ಕಡೆ ತಿಳಿಸಿದೆ. ಅದರ ವಿವರ ಹೇಳುವಂತಿಲ್ಲ, ಅದು ನಿಮಗೂ ಗೊತ್ತು. ಆದರೆ ಮರುದಿನ ಮತ್ತೆ ಚೆಕ್ ಬಂತು. ಸಹಿ ಸರಿ ಇದೆ, ಖಾತೆಯಲ್ಲಿ ಹಣ ಇದೆ, ತಡೆಯಾಜ್ಞೆ ಇಲ್ಲ. ಪಾಸ್ ಮಾಡದೆ ನನಗೆ ದಾರಿ ಇರಲಿಲ್ಲ. ಮುಟ್ಟುಗೋಲಿನ ಆದೇಶ ಕೈಗೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಅಂದು ಖಾತೆಯಲ್ಲಿ 1,143 ರೂಪಾಯಿ ಇತ್ತು. ಅಷ್ಟನ್ನೂ ಶ್ರದ್ಧೆಯಿಂದ ಮುಟ್ಟುಗೋಲು ಹಾಕಿಕೊಂಡೆವು, ಸೀಲು ಒತ್ತಿ ಸ್ವೀಕೃತಿ ಕೊಟ್ಟೆವು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಅದರಲ್ಲಿ ನಾನೂ ಒಂದು ಕೈ ಹಾಕಿದವನು. ಆದ್ದರಿಂದ ಈ ಪತ್ರ ಬರೀ ದೂರು ಅಂದುಕೊಳ್ಳಬೇಡಿ, ಒಂದು ಬೇಡಿಕೆಯೂ ಹೌದು: ಇಂಥ ಕಂಪನಿಯ ಹಣ ಕರಗುವ ಮೊದಲೇ ನಿಯಂತ್ರಕರು ನೇರವಾಗಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರುವಂತಾಗಲಿ.

ಕಾಯ್ದೆಗಳ ಕೊರತೆ ನಮಗಿಲ್ಲ. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ, ಜನರ ಬಾಯಲ್ಲಿ ಅದು ‘ಕೆಪಿಐಡಿ’. ನೀವು ಹಣಕಾಸು ಖಾತೆ ವಹಿಸಿಕೊಂಡು ಹದಿನೈದು ದಿನವೂ ಆಗಿರಲಿಲ್ಲ, 2019ರ ಜೂನ್‌ನಲ್ಲಿ, ಜನರಿಂದ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ ಕಂಪನಿಯ ಮುಖ್ಯಸ್ಥ ದುಬೈಗೆ ಹೊರಟುಹೋದ, ಅವನದೊಂದು ಆಡಿಯೋ ಹರಿದಾಡಿತು. ಶಿವಾಜಿನಗರದ ಅವರ ಕಚೇರಿಯ ಮುಂದೆ ಸೇರಿದ ಜನರನ್ನು, ದೂರು ಬರೆದುಕೊಳ್ಳಲು ಪೊಲೀಸರು ಮೇಜು ಹಾಕಿ ಕೂತದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಮರುತಿಂಗಳೇ ಸಂಸತ್ತು ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯನ್ನು ಅಂಗೀಕರಿಸಿತು. ಒಳ್ಳೆಯ ಕಾಯ್ದೆ. ಠೇವಣಿ ಕೇಳಿದ್ದಕ್ಕೇ ಶಿಕ್ಷೆ ಇದೆ, ಹಣ ಮುಳುಗುವವರೆಗೆ ಕಾಯಬೇಕಿಲ್ಲ. ಸಕ್ಷಮ ಪ್ರಾಧಿಕಾರಕ್ಕೆ ತಾತ್ಕಾಲಿಕ ಮುಟ್ಟುಗೋಲಿನ ಅಧಿಕಾರ ಇದೆ. ಮುಟ್ಟುಗೋಲಾದ 30 ದಿನದಲ್ಲಿ, ಕಾರಣ ಬರೆದಿಟ್ಟರೆ 60 ದಿನದವರೆಗೆ, ಗೊತ್ತುಪಡಿಸಿದ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಗ್ರಾಹಕನ ಮೇಲೆ ಗುಮಾನಿ ಬಂದರೆ ಬ್ಯಾಂಕಿನವರು ಕೂಡಲೇ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತಲೂ ಬರೆದಿದೆ. ‘ತಿಳಿಸಬೇಕು’ ಎಂಬಲ್ಲಿಗೆ ನಿಂತಿದೆ, ನೋಡಿ. ತಿಳಿಸಿದ ಮೇಲೆ ಆ ಮಧ್ಯಾಹ್ನ ಕೌಂಟರಿಗೆ ಬರುವ ಚೆಕ್ಕನ್ನು ಏನು ಮಾಡಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ನನ್ನ ಪ್ರಕಾರ ತೊಡಕು ಇರುವುದು ಇಲ್ಲಿ: ಕಣ್ಣು ಒಬ್ಬರಿಗೆ, ಕೈ ಇನ್ನೊಬ್ಬರಿಗೆ. ರಿಸರ್ವ್ ಬ್ಯಾಂಕಿಗೆ ಹಣದ ಹರಿವಿನ ಭಾಷೆ ಗೊತ್ತು. 2016ರಿಂದ ‘ಸಚೇತ್’ ಜಾಲತಾಣದಲ್ಲಿ ಅದು ಸಾರ್ವಜನಿಕರ ದೂರು ತೆಗೆದುಕೊಳ್ಳುತ್ತಿದೆ. ಆದರೆ ಆ ದೂರಿನಲ್ಲಿರುವ ಸಂಸ್ಥೆ ತನ್ನಲ್ಲಿ ನೋಂದಣಿಯಾಗದ್ದಾದರೆ ದೂರನ್ನು ಸಂಬಂಧಪಟ್ಟ ಇಲಾಖೆಗೋ ಪೊಲೀಸರಿಗೋ ದಾಟಿಸುತ್ತದೆ. ಸಕ್ಷಮ ಪ್ರಾಧಿಕಾರ ರಾಜ್ಯ ಸರ್ಕಾರದ ಹಿರಿಯ ಅಧಿಕಾರಿ. ಅವರ ಮೇಜಿನ ಮೇಲೆ ಬರ, ನೆರೆ, ಚುನಾವಣೆ ಎಲ್ಲವೂ ಇರುತ್ತವೆ. ಕೆಪಿಐಡಿ ಅಡಿಯಲ್ಲಾದರೆ ಮುಟ್ಟುಗೋಲಿಗೆ ಸರ್ಕಾರದ ಆದೇಶವೇ ಆಗಬೇಕು. ಕಡತ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಸೈಟು ಕೈ ಬದಲಾಗಿರುತ್ತದೆ, ಚಿನ್ನ ಕರಗಿರುತ್ತದೆ.

ವಿಚಿತ್ರವೆಂದರೆ, ಕಾನೂನು ಪಾಲಿಸಿ ನೋಂದಣಿ ಮಾಡಿಸಿಕೊಂಡವರ ಮೇಲೆ ರಿಸರ್ವ್ ಬ್ಯಾಂಕಿಗೆ ಬಿಗಿಯಾದ ಹಿಡಿತವಿದೆ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 45ಎಂಬಿ ಕಲಮಿನಡಿ, ಒಂದು ಬ್ಯಾಂಕೇತರ ಹಣಕಾಸು ಕಂಪನಿ ರಿಸರ್ವ್ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆರು ತಿಂಗಳವರೆಗೆ ಆಸ್ತಿ ಪರಭಾರೆ ಮಾಡಕೂಡದು ಎಂದು ಅದು ಹೇಳಬಹುದು. ಪರವಾನಗಿ ಇದ್ದವನಿಗೆ ಮೂಗುದಾರ. ಇಲ್ಲದವನ ಹಿಂದೆ ಮಾತ್ರ ಪತ್ರ ವ್ಯವಹಾರ.

ಷೇರುಪೇಟೆಯ ನಿಯಂತ್ರಕ ಸೆಬಿಯ ಕಥೆ ಬೇರೆ. ಅದು ತಾನೇ ಮಧ್ಯಂತರ ಆದೇಶ ಹೊರಡಿಸಬಹುದು. 90 ದಿನದವರೆಗೆ ಬ್ಯಾಂಕ್ ಖಾತೆ, ಆಸ್ತಿ ಮುಟ್ಟುಗೋಲು ಹಾಕಿ, ಅಷ್ಟರೊಳಗೆ ವಿಶೇಷ ನ್ಯಾಯಾಲಯದ ದೃಢೀಕರಣ ಪಡೆಯಬಹುದು. 2013ರಲ್ಲಿ, ಜನರಿಂದ ಹಣ ಸಂಗ್ರಹಿಸಿದ್ದ ಬಂಗಾಳದ ಶಾರದಾ ಸಮೂಹ ಕುಸಿದ ಮೇಲೆ, 2014ರ ತಿದ್ದುಪಡಿಯಲ್ಲಿ ಅದರ ಕೈ ಇನ್ನಷ್ಟು ಬಲಗೊಂಡಿತು. ಸೆಬಿ ಕಾಯ್ದೆ ಓದುತ್ತಾ ನನಗೆ ನಗು ಬಂದ ಜಾಗ ಒಂದಿದೆ: 15ವೈ ಕಲಂ. ಸೆಬಿಯ ಕ್ರಮದ ವಿರುದ್ಧ ಯಾವ ನ್ಯಾಯಾಲಯವೂ ತಡೆಯಾಜ್ಞೆ ಕೊಡಕೂಡದು ಎನ್ನುತ್ತದೆ ಅದು. ನಿಯಂತ್ರಕನನ್ನು ತಡೆಯಾಜ್ಞೆಯಿಂದ ಕಾಪಾಡಲು ಇಷ್ಟು ಖಡಾಖಂಡಿತವಾಗಿ ಬರೆಯಬಲ್ಲ ನಾವು, ಠೇವಣಿದಾರನಿಗಾಗಿ ನಿಯಂತ್ರಕನೇ ಹೋಗಿ ತಡೆಯಾಜ್ಞೆ ತರುವ ದಾರಿಯನ್ನು ಅಷ್ಟೇ ನೇರವಾಗಿ ಬರೆಯಬಾರದೇ?

ನೀವು ಕೇಳಬಹುದು: ನಿಯಂತ್ರಕರಿಗೇ ಮುಟ್ಟುಗೋಲಿನ ಅಧಿಕಾರ ಕೊಟ್ಟರೆ ಮುಗಿಯಿತಲ್ಲ, ನಡುವೆ ಕೋರ್ಟ್ ಯಾಕೆ? ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ತನಿಖೆ ಮಾಡುವವನೂ ಆರೋಪ ಹೊರಿಸುವವನೂ ತೀರ್ಪು ಕೊಡುವವನೂ ಒಬ್ಬನೇ ಆದಾಗ, ಎದುರಿನವನು ಮೇಲ್ಮನವಿಯಲ್ಲಿ ಮೊದಲು ಎತ್ತುವುದೇ ಆ ಮಾತು. ಎದುರಿನವರ ವಾದ ಕೇಳದೆ ಕೊಟ್ಟ ಮಧ್ಯಂತರ ಆದೇಶ ವರ್ಷಗಟ್ಟಲೆ ‘ಮಧ್ಯಂತರ’ವಾಗಿಯೇ ಎಳೆದಾಡುವುದೂ ಉಂಟು. ನ್ಯಾಯಾಧೀಶರ ಆದೇಶದ ತೂಕ ಬೇರೆ. ಅದನ್ನು ಮೀರಿದರೆ ಜೈಲು. ಸಹಾರಾ ಪ್ರಕರಣ ನೆನಪಿಸಿಕೊಳ್ಳಿ. ಹೂಡಿಕೆದಾರರ ಹಣ ಮರಳಿಸಿ ಎಂದು ಸಹಾರಾಕ್ಕೆ ಸೆಬಿ ಹೇಳಿದ್ದು 2011ರ ಜೂನ್‌ನಲ್ಲಿ. ಅದನ್ನೇ ಸುಪ್ರೀಂ ಕೋರ್ಟ್ ಹೇಳಿದ್ದು 2012ರ ಆಗಸ್ಟ್‌ನಲ್ಲಿ. ಸಹಾರಾ ಮುಖ್ಯಸ್ಥ ಸುಬ್ರತಾ ರಾಯ್ ತಿಹಾರ್ ಜೈಲಿಗೆ ಹೋದದ್ದು 2014ರ ಮಾರ್ಚ್‌ನಲ್ಲಿ, ಸೆಬಿಗೆ ಹೆದರಿ ಅಲ್ಲ, ಸುಪ್ರೀಂ ಕೋರ್ಟಿನ ಆದೇಶದ ಮೇಲೆ. ಕೋರ್ಟಿನ ಆ ಬಲ ಕೊನೆಯಲ್ಲಿ ಬರುವ ಬದಲು ಮೊದಲ ವಾರದಲ್ಲೇ ಬರಲಿ ಎಂಬುದು ನನ್ನ ಬೇಡಿಕೆ.

ಹೊರಗಿನವರು ಇದನ್ನು ಮಾಡಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಹಣಕಾಸು ಸೇವೆಗಳ 2000ದ ಕಾಯ್ದೆಯ 380ನೇ ಕಲಮಿನಡಿ ಅಲ್ಲಿನ ನಿಯಂತ್ರಕ ಹೈಕೋರ್ಟಿಗೆ ಹೋಗಿ, ಕಾನೂನು ಮೀರುತ್ತಿರುವವನನ್ನು ನಿಲ್ಲಿಸಿ, ಅವನ ಆಸ್ತಿ ಅಲ್ಲಾಡದಂತೆ ಮಾಡಿ ಎಂದು ಕೇಳಬಹುದು. ಅವನಿಗೆ ಪರವಾನಗಿ ಇಲ್ಲದಿದ್ದರೂ ಸರಿಯೇ. ಅಮೆರಿಕದಲ್ಲಿ ಹೂಡಿಕೆದಾರರಿಗೆ ಭಾರಿ ವಂಚನೆ ಮಾಡಿದ ಬರ್ನಾರ್ಡ್ ಮೇಡಾಫ್‌ನ ಬಂಧನವಾದದ್ದು 2008ರ ಡಿಸೆಂಬರ್ 11ರಂದು. ಷೇರುಪೇಟೆ ನಿಯಂತ್ರಕರ ಅರ್ಜಿಯ ಮೇಲೆ ನ್ಯಾಯಾಲಯ ಅವನ ಆಸ್ತಿಗೆ ತಡೆ ಹಾಕಿದ್ದು ಮರುದಿನ. ಮರುದಿನ! ಆದರೆ ಪೂರ್ತಿ ಕಥೆ ಹೇಳಬೇಕು. ಈ ವ್ಯವಹಾರ ನಂಬುವಂಥದ್ದಲ್ಲ ಎಂದು ಹ್ಯಾರಿ ಮಾರ್ಕೊಪೊಲಸ್ ಎಂಬ ವಿಶ್ಲೇಷಕ ಅದೇ ನಿಯಂತ್ರಕರಿಗೆ 2000ದಿಂದಲೇ ಬರೆಯುತ್ತಾ ಬಂದಿದ್ದರು. ಅಲ್ಲಿ ಕೈ ಚುರುಕಾಗಿತ್ತು, ಕಣ್ಣು ಮುಚ್ಚಿತ್ತು. ನಮ್ಮಲ್ಲಿ ಎಷ್ಟೋ ಸಲ ಇದರ ತಿರುಗುಮುರುಗು.

ಇನ್ನು ಈ ಅಧಿಕಾರದ ಅಪಾಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಡೆ ಅಂದರೇನು ಎಂದು ಕೌಂಟರಿನ ಈ ಬದಿಯಿಂದ ನೋಡಿದವನು ನಾನು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ. ಆಗಿನ್ನೂ ಠೇವಣಿ ವಿಮೆಯ ಮಿತಿ ಒಂದು ಲಕ್ಷ. ಅದು ಐದು ಲಕ್ಷವಾದದ್ದು ಮರುತಿಂಗಳು. ನಿರ್ಬಂಧ ತಪ್ಪು ಅನ್ನುತ್ತಿಲ್ಲ, ಹಾಕದಿದ್ದರೆ ಮೊದಲು ಓಡಿ ಬಂದವನಿಗೆ ಎಲ್ಲ, ಕೊನೆಯವನಿಗೆ ಚಿಪ್ಪು ಆಗುತ್ತಿತ್ತು. ಆದರೆ ಬಸವನಗುಡಿ, ಶ್ರೀನಗರದ ಕಡೆಯ ಎಷ್ಟೋ ಹಿರಿಯರು ಜೀವಮಾನದ ಉಳಿತಾಯವನ್ನು ಅಲ್ಲೇ ಇಟ್ಟಿದ್ದರು. ಔಷಧಿಯ ಖರ್ಚಿಗೂ ಮಗನ ಕಡೆ ನೋಡುವಂತಾದವರನ್ನು ನಾನು ಕಂಡಿದ್ದೇನೆ. ತಡೆ ಹಾಕುವಾಗ ಯಾರ ಕೈ ಕಟ್ಟುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ಹಣ ತೆಗೆದುಕೊಂಡವನದೋ, ಇಟ್ಟವನದೋ?

ಹಾಗೆಯೇ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವನೊಬ್ಬನ ಖಾತೆಗೆ ಪ್ರತಿಸ್ಪರ್ಧಿಯ ಮೂಗರ್ಜಿಯ ಮೇಲೆ ತಡೆ ಬಿದ್ದರೆ, ಆ ಸುದ್ದಿಯೊಂದೇ ಅವನನ್ನು ಮುಳುಗಿಸುತ್ತದೆ. ತಿಂಗಳ ಕೊನೆಗೆ ಸಂಬಳ ಇಲ್ಲ, ಸರಕು ಇಲ್ಲ. ನಾಳೆ ತಡೆ ತೆರವಾದರೂ ಹೋದ ನಂಬಿಕೆ ಬರುವುದಿಲ್ಲ. ಅದಕ್ಕೇ ನಾನು ಕೇಳುತ್ತಿರುವ ಅಧಿಕಾರ ಚಿಕ್ಕದು, ಗಿಡ್ಡದು.

2019ರ ಕಾಯ್ದೆಗೆ ಒಂದು ಕಲಂ ಸೇರಿಸಿ. ರಿಸರ್ವ್ ಬ್ಯಾಂಕ್, ಸೆಬಿ ಮೊದಲಾದ ಯಾವ ನಿಯಂತ್ರಕನೇ ಆಗಲಿ, ರಾಜ್ಯದ ಕಡತಕ್ಕೆ ಕಾಯದೆ, ಪ್ರಮಾಣಪತ್ರದೊಂದಿಗೆ ನೇರವಾಗಿ ಗೊತ್ತುಪಡಿಸಿದ ನ್ಯಾಯಾಲಯದ ಬಾಗಿಲು ತಟ್ಟುವಂತಾಗಲಿ. ಹೊಸ ಕಟ್ಟಡ ಬೇಡ. ಜಿಲ್ಲಾ ಅಥವಾ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಆ ಪೀಠದಲ್ಲಿ ಕೂರಬೇಕೆಂದು ಕಾಯ್ದೆಯಲ್ಲೇ ಇದೆ. ನ್ಯಾಯಾಧೀಶರು ಅಂದೇ ಕೊಡಬಹುದಾದ ಆದೇಶದಲ್ಲಿ ಎರಡೇ ಮಾತಿರಲಿ: ಹೊಸ ಠೇವಣಿ ತೆಗೆದುಕೊಳ್ಳಬೇಡ, ಇರುವ ಆಸ್ತಿ ಪರಭಾರೆ ಮಾಡಬೇಡ. ಹದಿನಾಲ್ಕು ದಿನದಲ್ಲಿ ಎದುರಿನವನ ಮಾತು ಕೇಳದಿದ್ದರೆ ಆದೇಶ ತಾನಾಗಿ ಬಿದ್ದುಹೋಗಲಿ. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಏಕಪಕ್ಷೀಯ ತಡೆಗೆ ಸಾಮಾನ್ಯವಾಗಿ ಇರುವ ಗಡುವೂ ಇಷ್ಟೇ. ನೌಕರರ ಸಂಬಳ, ಕುಟುಂಬದ ದಿನನಿತ್ಯದ ಖರ್ಚು, ವಕೀಲರ ಶುಲ್ಕ ಇವಕ್ಕೆ ಮಿತಿಯೊಳಗೆ ಹಣ ಬಿಡುಗಡೆ ಮಾಡುವ ಅಧಿಕಾರ ಅದೇ ನ್ಯಾಯಾಧೀಶರಿಗಿರಲಿ. ಸುಳ್ಳು ಮಾಹಿತಿಯ ಮೇಲೆ ತಡೆ ತಂದಿದ್ದರೆ ನಷ್ಟ ಕಟ್ಟಿಕೊಡುವ ಹೊಣೆ ನಿಯಂತ್ರಕನದ್ದೇ ಎಂದೂ ಬರೆಯಿರಿ. ಅವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆದೇಶ ತಲುಪುವ ಬಗೆ. ನಮ್ಮ ಶಾಖೆಗೆ ಆ ಮುಟ್ಟುಗೋಲಿನ ಕಾಗದ ಬಂದದ್ದು ಅಂಚೆಯಲ್ಲಿ! ಅದೂ ಮೊದಲು ಬೇರೆ ಶಾಖೆಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ. ಹಣ ಸೆಕೆಂಡಿನಲ್ಲಿ ಹೋಗುವ ಕಾಲದಲ್ಲಿ ತಡೆಯಾಜ್ಞೆ ಲಕೋಟೆಯಲ್ಲಿ ಬರುತ್ತದೆ. ನ್ಯಾಯಾಧೀಶರು ಸಹಿ ಹಾಕಿದ ಗಳಿಗೆಯಲ್ಲೇ ಎಲ್ಲ ಬ್ಯಾಂಕುಗಳಿಗೂ ಉಪನೋಂದಣಿ ಕಚೇರಿಗಳಿಗೂ ಏಕಕಾಲಕ್ಕೆ ಅದು ಮುಟ್ಟಬೇಕು. ಋಣಭಾರ ಪತ್ರ ತೆಗೆಸಿ ನೋಡುವ ಸೈಟು ಕೊಳ್ಳುವವನಿಗೂ ಅಂದೇ ಕಾಣಬೇಕು. ಇಲ್ಲದಿದ್ದರೆ ಮುಂದಿನ ಮೋಸ ಹೋಗುವವನು ಅವನೇ.

ಇದೆಲ್ಲ ಉತ್ಪ್ರೇಕ್ಷೆ ಎಂದು ನಿಮ್ಮ ಅಧಿಕಾರಿಗಳು ಹೇಳಿದರೆ ಒಂದು ಕೆಲಸ ಮಾಡಿ. 2019ರಿಂದ ಈಚೆಗೆ ಮುಟ್ಟುಗೋಲಾದ ಪ್ರತಿಯೊಂದು ಪ್ರಕರಣಕ್ಕೂ ರಾಜ್ಯಗಳಿಂದ ನಾಲ್ಕು ಕಾಲಮಿನ ಒಂದು ಪಟ್ಟಿ ತರಿಸಿ: ಮೊದಲ ದೂರು ಬಂದ ದಿನ, ಆ ದಿನ ಖಾತೆಯಲ್ಲಿದ್ದ ಹಣ, ಮುಟ್ಟುಗೋಲಿನ ದಿನ, ಆ ದಿನ ಉಳಿದಿದ್ದ ಹಣ. ಬ್ಯಾಂಕುಗಳಲ್ಲಿ ಈ ಅಂಕಿಗಳೆಲ್ಲ ಇವೆ. ಆ ಪಟ್ಟಿಯನ್ನು ಸದನದ ಮೇಜಿನ ಮೇಲೆ ಇಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಬೆಂಗಳೂರು