ಬಿ.ಎ. ಅಂದರೆ ಮಾರ್ಕ್ ಕಮ್ಮಿ ಅಂತಲಾ?

ಸಂಪಾದಕರೇ,

ಮಗಳು ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ ತೆಗೆದೂ ಇತಿಹಾಸ ಓದಬೇಕೆಂದು ಬಿ.ಎ.ಗೆ ಸೇರಿದಳು. ಅಂದಿನಿಂದ ಯಾರ ಮದುವೆಗೆ ಹೋದರೂ ಒಂದೇ ಪ್ರಶ್ನೆ, 'ಎಂತ ಮಾರಾಯ್ರೆ, ಸೈನ್ಸ್ ಸಿಗಲಿಲ್ವಾ?' 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟದ್ದು, 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದು ಇದೇ ಮಂಗಳೂರಿನಲ್ಲಿ ಅಲ್ವಾ? ಈಗ ಇಲ್ಲಿ ಇಂಜಿನಿಯರಿಂಗ್, ಮೆಡಿಕಲ್ ಬಿಟ್ಟರೆ ಉಳಿದದ್ದು ಓದೇ ಅಲ್ಲ.

ಮೊನ್ನೆ ಅವಳು ಅಜ್ಜಿಯ ಪಕ್ಕ ಕೂತು ಗೇಣಿ ಗದ್ದೆಯನ್ನು ಉಳುವವರಿಗೇ ಕೊಡಿಸಿದ 1974ರ ಭೂಸುಧಾರಣೆ ಬಗ್ಗೆ ಕೇಳುತ್ತಿದ್ದಳು: ಗೇಣಿಗೆ ಎಷ್ಟು ಮುಡಿ ಅಕ್ಕಿ ಕೊಡುತ್ತಿದ್ದಿರಿ, ಗದ್ದೆ ನಮಗಾಗಬೇಕು ಅಂತ ಡಿಕ್ಲರೇಶನ್ (ಅರ್ಜಿ) ಹಾಕಿದಾಗ ಧಣಿಗಳು ಏನಂದರು, ಹೆದರಿಕೆ ಆಗಲಿಲ್ವಾ ಅಂತ. ಅಜ್ಜಿ ರಾತ್ರಿ ಹನ್ನೊಂದರವರೆಗೆ ಮಾತಾಡಿದರು. ನಾನು ಅದೇ ಮನೆಯಲ್ಲಿ ಬೆಳೆದವ, ಒಂದು ದಿನವೂ ಕೇಳಿರಲಿಲ್ಲ. ಸುಮ್ನೆ ಗದ್ದೆ ಮಾರಿದರೆ ಎಷ್ಟು ಬಂದೀತು ಅಂತ ಲೆಕ್ಕ ಹಾಕಿದ್ದೇ ಜಾಸ್ತಿ.

– ಒಬ್ಬ ಓದುಗ, ಉಡುಪಿ